ಹೋಗಿ ಬಂದ ತಿಂಗಳಲ್ಲೇ ಮತ್ತೆ ವಂಡರ್‌ಲಾ: ಎರಡನೇ ಭೇಟಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾ 82 ಎಕರೆ ಜಾಗ, ಅದರೊಳಗೆ 60ಕ್ಕೂ ಹೆಚ್ಚು ರೈಡ್‌ಗಳು. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತಾರೆ. ಅಂದರೆ 7 ಗಂಟೆ, 420 ನಿಮಿಷ. ಭಾಗಿಸಿ ನೋಡಿದರೆ ಒಂದು ರೈಡಿಗೆ 7 ನಿಮಿಷ ಬರುತ್ತದೆ. ಆ ಏಳು ನಿಮಿಷದಲ್ಲೇ ನಡೆಯಬೇಕು, ಸಾಲಿನಲ್ಲಿ ನಿಲ್ಲಬೇಕು, ಬಟ್ಟೆ ಬದಲಿಸಬೇಕು, ಊಟ ಮಾಡಬೇಕು, ಚಿಕ್ಕ ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಬೇಕು. ಆಗದ ಮಾತು. ಮೊದಲ ಸಲ ಹೋಗಿ ಬಂದವರೆಲ್ಲ ಒಂದಿಷ್ಟು ಬಿಟ್ಟೇ ಬಂದಿರುತ್ತಾರೆ.

ಆದರೆ ಬಿಟ್ಟುಬಂದ ರೈಡ್‌ಗಳಿಗಾಗಿ ಮತ್ತೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಮೊದಲ ಸಲ ಪಾರ್ಕಿನೊಳಗೆ ಬಂದೂ ಆಟದ ಹೊರಗೇ ಉಳಿದ ಮನೆಯವರಿಗಾಗಿ ಹೋಗಿ. ನಮ್ಮ ಮನೆಯಲ್ಲಿ ಅಂಥವರು ಇಬ್ಬರಿದ್ದರು: ಬ್ಯಾಗ್ ಕಾಯುತ್ತಾ ಬೆಂಚಿನ ಮೇಲೆ ಕೂತ ನಮ್ಮ ಅತ್ತೆ ಮತ್ತು ಅವರ ಜೊತೆಗೆ ನಾನು. ಮೇ ಕೊನೆಯ ಶನಿವಾರ ಯಜಮಾನರು ಮಕ್ಕಳಿಬ್ಬರನ್ನೂ ಕರೆದುಕೊಂಡು ಓಡಾಡಿದರು. ನಾವಿಬ್ಬರೂ ನೆರಳು ಹುಡುಕಿಕೊಂಡು ಕೂತು, ಒದ್ದೆ ಟವೆಲ್ ಹಿಂಡಿ, ಕನ್ನಡಕ ಹಿಡಿದುಕೊಂಡು, ಕೈಬೀಸಿ ದಿನ ಕಳೆದೆವು. ಐದು ವಾರ ಬಿಟ್ಟು ಜುಲೈನಲ್ಲಿ ಒಂದು ಬುಧವಾರ ಮತ್ತೆ ಹೋದೆವು. ಆ ಎರಡನೇ ಸಲ ಏನೇನು ಮಾಡಿದೆವು, ಏನು ಮಾಡಬೇಕಿತ್ತು ಅನ್ನುವುದನ್ನು ಕ್ರಮವಾಗಿ ಬರೆದಿದ್ದೇನೆ.

ಹೆಜ್ಜೆ 1: ಬಂದ ರಾತ್ರಿಯೇ ಬರೆದಿಡಿ

ಮೊದಲ ಭೇಟಿಯಿಂದ ಮನೆಗೆ ಬಂದ ರಾತ್ರಿ ಎಲ್ಲರೂ ಸುಸ್ತಾಗಿರುತ್ತಾರೆ, ನಿಜ. ಆದರೂ ಮಲಗುವ ಮುಂಚೆ ಹತ್ತು ನಿಮಿಷ ಕೂತು ಒಂದು ಹಾಳೆಯಲ್ಲಿ ಬರೆದಿಡಿ. ಮಾರನೆಯ ದಿನಕ್ಕೆ ಅರ್ಧ ಮರೆತಿರುತ್ತದೆ, ವಾರಕ್ಕೆ ಎಲ್ಲವೂ "ಚೆನ್ನಾಗಿತ್ತು" ಅನ್ನುವ ಒಂದು ಮಾತಿಗೆ ಇಳಿದಿರುತ್ತದೆ.

ಯಾವ ರೈಡು ಇಷ್ಟವಾಯಿತು ಅಂತ ಬರೆಯಬೇಕಾಗಿಲ್ಲ. ಅದನ್ನು ಮಕ್ಕಳೇ ತಿಂಗಳಿಡೀ ಹೇಳುತ್ತಾರೆ. ಮನೆಯ ಒಬ್ಬೊಬ್ಬರ ಹೆಸರು ಬರೆದು, ಅವರು ಎಲ್ಲಿ ಕಾದರು, ಎಲ್ಲಿಂದ ವಾಪಸ್ ಬಂದರು, ಎಷ್ಟು ಹೊತ್ತಿಗೆ ಸೋತರು ಅನ್ನುವುದನ್ನು ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು ಇಷ್ಟು: ಹನ್ನೊಂದು ವರ್ಷದ ಮಗಳನ್ನು ಎತ್ತರ ಸಾಲದೆಂದು ದೊಡ್ಡ ರೈಡಿನ ಬಾಗಿಲಲ್ಲೇ ನಿಲ್ಲಿಸಿದರು. ಏಳು ವರ್ಷದ ಮಗ ನೀರಿನ ಜಾರುಬಂಡಿಯ ಮೆಟ್ಟಿಲು ಪೂರ್ತಿ ಹತ್ತಿ, ಕೆಳಗೆ ನೋಡಿ, ಅಳುತ್ತಾ ಅದೇ ಮೆಟ್ಟಿಲಿಳಿದು ಬಂದ. ಯಜಮಾನರಿಗೆ ನಾಲ್ಕು ಗಂಟೆಗೆ ತಲೆನೋವು ಬಂತು. ಅತ್ತೆ ನೀರಿಗಿಳಿಯಲಿಲ್ಲ, ಸೀರೆಯಲ್ಲಿದ್ದರು. ನಾನು ನೀರಿಗಿಳಿಯಲಿಲ್ಲ, ಕಾಟನ್ ಚೂಡಿದಾರ್ ಹಾಕಿಕೊಂಡಿದ್ದೆ.

ಈ ಐದು ಸಾಲೇ ನಮ್ಮ ಎರಡನೇ ಭೇಟಿಯ ಪ್ಲ್ಯಾನ್ ಆಯಿತು.

ಹೆಜ್ಜೆ 2: ಬೇಗ ಹೋಗಬೇಕೇ, ತಡೆಯಬೇಕೇ?

ನನ್ನ ಅಭಿಪ್ರಾಯದಲ್ಲಿ ಮೂರರಿಂದ ಎಂಟು ವಾರದೊಳಗೆ ಹೋಗುವುದು ಒಳ್ಳೆಯದು. ದಾರಿ, ಬಾಗಿಲು, ಲಾಕರ್, ಬಟ್ಟೆ ಬದಲಿಸುವ ಕೋಣೆ, ಊಟದ ಜಾಗ ಎಲ್ಲವೂ ಇನ್ನೂ ತಲೆಯಲ್ಲಿ ಇರುತ್ತವೆ. ಮೊದಲ ಸಲ ಇವನ್ನು ಹುಡುಕುವುದರಲ್ಲೇ ಒಂದು ಗಂಟೆ ಹೋಗಿತ್ತು, ಎರಡನೇ ಸಲ ಆ ಗಂಟೆ ನಮಗೇ ಉಳಿಯಿತು. ಇನ್ನೊಂದು ಕಾರಣ ಹೆದರಿದ ಮಗು. ವರ್ಷ ಬಿಟ್ಟರೆ ಆ ಜಾರುಬಂಡಿ ಅವನ ಮನಸ್ಸಿನಲ್ಲಿ ಬೆಳೆದು ಬೆಟ್ಟವಾಗಿರುತ್ತದೆ. ಒಂದು ತಿಂಗಳಲ್ಲಾದರೆ ಅದು ಇನ್ನೂ ಇದ್ದಷ್ಟೇ ಎತ್ತರ ಇರುತ್ತದೆ.

ತಡೆಯಬೇಕಾದ ಸಂದರ್ಭಗಳೂ ಇವೆ. ಹೋಗಿ ಬಂದ ಮೇಲೆ ಮಗುವಿಗೆ ಕಿವಿನೋವೋ ಚರ್ಮದ ಉರಿಯೋ ಬಂದಿದ್ದರೆ ಅದು ಪೂರ್ತಿ ವಾಸಿಯಾಗಲಿ, ಡಾಕ್ಟರ್ ಸರಿ ಅನ್ನಲಿ. ಮನೆಯಲ್ಲಿ ಫೀಸು, ಬಾಡಿಗೆ, ಹಬ್ಬ ಒಟ್ಟಿಗೆ ಬಂದಿದ್ದರೆ ಅದು ಮುಗಿಯಲಿ. ಸಾಲ ಮಾಡಿಕೊಂಡು ಹೋಗುವ ಜಾಗ ಇದಲ್ಲ. ಖರ್ಚು ಹೊಂದಿಸಲು ನಾವು ಮಾಡಿದ್ದು ಒಂದೇ ಕೆಲಸ: ಆ ತಿಂಗಳು ಬೇರೆ ಯಾವ ಮಾಲ್, ಸಿನಿಮಾ, ಹೋಟೆಲ್ಲೂ ಬೇಡ ಅಂತ ಮಕ್ಕಳ ಜೊತೆ ಕೂತು ಮಾತಾಡಿ ಒಪ್ಪಿಕೊಂಡೆವು. ಮಕ್ಕಳಿಗೆ ಲೆಕ್ಕ ತೋರಿಸಿದರೆ ಒಪ್ಪುತ್ತಾರೆ.

ಹೆಜ್ಜೆ 3: ದಿನ ಆರಿಸುವುದು

ಎರಡನೇ ಭೇಟಿಯ ಅರ್ಧ ಯಶಸ್ಸು ಇಲ್ಲೇ ಇದೆ. ನಮ್ಮಲ್ಲಿ ಪಾರ್ಕಿನ ಜನಸಂದಣಿ ಶಾಲೆಯ ಕ್ಯಾಲೆಂಡರಿನಂತೆ ಏರಿಳಿಯುತ್ತದೆ. ಏಪ್ರಿಲ್–ಮೇ ಬೇಸಿಗೆ ರಜೆ, ಅಕ್ಟೋಬರಿನ ದಸರಾ ರಜೆ, ಕ್ರಿಸ್‌ಮಸ್ ವಾರ, ಸಾಲು ರಜೆ ಬಂದ ಯಾವುದೇ ವಾರಾಂತ್ಯ, ಇವು ತುಂಬಿ ತುಳುಕುವ ದಿನಗಳು. ನವೆಂಬರ್ ಕೊನೆಯಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಆಗ ವಾರದ ದಿನವೂ ಖಾಲಿ ಇರುತ್ತದೆ ಅಂತ ನಂಬಬೇಡಿ.

ನಿರಾಳ ಅನ್ನಿಸುವುದು ಶಾಲೆ ಶುರುವಾದ ಮೇಲಿನ ಜೂನ್ ಕೊನೆ ಮತ್ತು ಜುಲೈ, ಆಮೇಲೆ ಪರೀಕ್ಷೆ ಹತ್ತಿರವಾಗುವ ಫೆಬ್ರುವರಿ. ಅದರಲ್ಲೂ ಮಂಗಳವಾರ, ಬುಧವಾರ, ಗುರುವಾರ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸಬೇಕಾಗುತ್ತದೆ. ನಾನು ತರಗತಿಯ ಮೇಡಂಗೆ ಇದ್ದದ್ದು ಇದ್ದಹಾಗೆ ಹೇಳಿ ರಜೆ ಕೇಳಿದೆ. ಜ್ವರ ಅಂತ ಚೀಟಿ ಬರೆದರೆ, ಮಾರನೆಯ ದಿನ ಮಗು ಆ ಖುಷಿಯನ್ನು ಗೆಳೆಯರ ಹತ್ತಿರ ಹೇಳಿಕೊಳ್ಳಲಾರದೆ ಒದ್ದಾಡುತ್ತದೆ.

ಮಳೆಯ ಮಾತು. ಜುಲೈನಲ್ಲಿ ಬೆಂಗಳೂರಿನ ಸುತ್ತ ಮೋಡ, ತುಂತುರು, ತಣ್ಣನೆ ಗಾಳಿ. ನೀರಿನಾಟಕ್ಕೆ ಇದು ಅಡ್ಡಿಯಲ್ಲ, ಹೇಗೂ ಒದ್ದೆಯಾಗುವುದೇ. ಏಪ್ರಿಲ್–ಮೇ ಮಧ್ಯಾಹ್ನಗಳ ಗುಡುಗು ಮಿಂಚೇ ಹೆಚ್ಚಿನ ತೊಂದರೆ, ಮಿಂಚು ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸಲೇಬೇಕು. ತಂಪು ದಿನಗಳಲ್ಲಿ ನೋಡಿಕೊಳ್ಳಬೇಕಾದದ್ದು ಚಳಿ, ಅದಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 4: ಟಿಕೆಟ್

ದಿನಕ್ಕೊಂದು ದರ ಇರುತ್ತದೆ, ವಾರಾಂತ್ಯಕ್ಕೂ ರಜೆಯ ಸೀಸನ್ನಿಗೂ ಹೆಚ್ಚು. ಅವರ ವೆಬ್‌ಸೈಟಿನಲ್ಲಿ ಎರಡು ಮೂರು ದಿನಾಂಕ ಹಾಕಿ ಹೋಲಿಸಿ ನೋಡಿ, ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಿ. ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ರಿಯಾಯಿತಿ ಸಿಗುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ, 60 ದಾಟಿದ ಹಿರಿಯರಿಗೆ ಬೇರೆ ದರ ಇರುತ್ತದೆ, ಗುರುತಿನ ಚೀಟಿಯ ಅಸಲು ಜೊತೆಗಿರಲಿ. ಮಕ್ಕಳ ಟಿಕೆಟ್ ನಿರ್ಧಾರವಾಗುವುದು ಎತ್ತರದಿಂದ, ವಯಸ್ಸು ಕೇಳುವುದಿಲ್ಲ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ.

ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೂಡ ಇದೆ. ರಜೆಯ ಶನಿವಾರ ಹೋಗಲೇಬೇಕಾದವರಿಗೆ ಅದು ಕೆಲಸಕ್ಕೆ ಬರುತ್ತದೆ. ಜುಲೈ ಬುಧವಾರಕ್ಕೆ ಅದರ ದುಡ್ಡು ವ್ಯರ್ಥ, ಅದೇ ದುಡ್ಡಲ್ಲಿ ಎಲ್ಲರಿಗೂ ನೀರಿನ ಬಟ್ಟೆ ಕೊಳ್ಳಿ.

ಹೆಜ್ಜೆ 5: ಬಟ್ಟೆ, ಎಲ್ಲರಿಗೂ

ಮೊದಲ ಸಲ ಅತ್ತೆಯನ್ನೂ ನನ್ನನ್ನೂ ಬೆಂಚಿನ ಮೇಲೆ ಕೂರಿಸಿದ್ದು ಬಟ್ಟೆ. ಸೀರೆ, ಚೂಡಿದಾರ್, ಜೀನ್ಸ್, ಕಾಟನ್ ಬನಿಯನ್ ಯಾವುದನ್ನೂ ನೀರಿಗೆ ಬಿಡುವುದಿಲ್ಲ. ನೈಲಾನ್, ಲೈಕ್ರಾ, ಪಾಲಿಯೆಸ್ಟರ್ ಥರದ್ದೇ ಆಗಬೇಕು. ನಿಯಮಕ್ಕೆ ಕಾರಣವಿದೆ. ಹತ್ತಿ ನೀರು ಕುಡಿದು ಭಾರವಾಗಿ ಮೈಗೆ ಸುತ್ತಿಕೊಳ್ಳುತ್ತದೆ, ಅದರ ನೂಲಿನ ಎಳೆಗಳು ಬಿಟ್ಟುಕೊಂಡು ಫಿಲ್ಟರಿಗೆ ಹೋಗಿ ಕಟ್ಟುತ್ತವೆ. ಜಿಪ್ಪು, ಲೋಹದ ಗುಂಡಿ ಜಾರುಬಂಡಿಯ ಫೈಬರನ್ನು ಗೀರುತ್ತವೆ, ಹಿಂದೆ ಬರುವ ಮಗುವಿನ ಮೈಯನ್ನೂ ಗೀರಬಹುದು.

ಒಳಗೆ ಅಂಗಡಿ ಇದೆ, ಆದರೆ ಹೋದ ದಿನ ಅಲ್ಲಿ ನಿಂತು ಅಳತೆ ನೋಡಿ ಆರಿಸುವಷ್ಟು ಹೊತ್ತು ಹಾಳುಮಾಡಬೇಡಿ. ಹದಿನೈದು ದಿನ ಮುಂಚೆಯೇ ಊರಿನಲ್ಲೇ ಕೊಂಡಿಡಿ. ಹೆಂಗಸರಿಗೆ ನನ್ನ ಸಲಹೆ: ಗಾಢ ಬಣ್ಣದ, ಪೂರ್ತಿ ತೋಳಿನ, ಸೊಂಟದಿಂದ ಒಂದು ಗೇಣು ಕೆಳಗಿಳಿಯುವ ನೈಲಾನ್ ಮೇಲಂಗಿ, ಅದರ ಕೆಳಗೆ ಕಾಲಿನ ಗಂಟಿನವರೆಗೆ ಲೈಕ್ರಾ ಲೆಗ್ಗಿಂಗ್. ಅಂಗಿ ಮೈಗೆ ಅಂಟುವಷ್ಟು ಬಿಗಿ ಬೇಡ, ನೀರಿನಲ್ಲಿ ಕೊಡೆಯಂತೆ ಏಳುವಷ್ಟು ಸಡಿಲವೂ ಬೇಡ.

ಅತ್ತೆಯನ್ನು ಒಪ್ಪಿಸಿದ್ದು ನಾನಲ್ಲ, ಮಗಳು. ನಾನು ಹೇಳಿದಾಗ "ಅಯ್ಯೋ, ಈ ವಯಸ್ಸಿಗೆ ನನಗೆ ಯಾಕೆ ಬಿಡಮ್ಮ, ನೋಡಿದವರು ಏನಂದಾರು" ಅಂದಿದ್ದರು. ಮಗಳು ಕೊಂಡುತಂದ ಬಟ್ಟೆಯನ್ನು ಅವರ ಮುಂದೆ ಹರಡಿ, "ಅಜ್ಜೀ, ರಾತ್ರಿ ಬಾಗಿಲು ಹಾಕ್ಕೊಂಡು ಒಂದ್ಸಲ ಹಾಕ್ನೋಡಿ, ಇಷ್ಟ ಆಗ್ಲಿಲ್ಲಾಂದ್ರೆ ನಾನೇ ವಾಪಸ್ ಕೊಟ್ಟು ಬರ್ತೀನಿ" ಅಂದಳು. ಬೆಳಿಗ್ಗೆ ಅತ್ತೆ ಏನೂ ಹೇಳಲಿಲ್ಲ, ಬಟ್ಟೆಯನ್ನೂ ವಾಪಸ್ ಕೊಡಲಿಲ್ಲ. ನಿಮ್ಮ ಮನೆಯ ಹಿರಿಯರಿಗೂ ಹೀಗೆ ಮನೆಯಲ್ಲೇ, ಯಾರೂ ನೋಡದಂತೆ ಹಾಕಿ ನೋಡುವ ಅವಕಾಶ ಕೊಡಿ. ಪಾರ್ಕಿನ ಬಾಗಿಲಲ್ಲಿ ಒತ್ತಾಯ ಮಾಡಿದರೆ ಯಾರೂ ಒಪ್ಪುವುದಿಲ್ಲ.

ಗಾಜಿನ ಬಳೆ, ಕಾಲ್ಗೆಜ್ಜೆ, ಉದ್ದದ ಓಲೆ ಮನೆಯಲ್ಲೇ ಇರಲಿ. ಬಳೆ ಒಡೆದರೆ ಅದರ ಚೂರು ಬರಿಗಾಲಿನ ಮಕ್ಕಳಿಗೆ ಚುಚ್ಚುತ್ತದೆ. ತಾಳಿ ತೆಗೆಯಲು ಮನಸ್ಸಿಲ್ಲದವರು ಸರವನ್ನು ಅಂಗಿಯ ಒಳಗೆ ಸೇರಿಸಿಕೊಳ್ಳಿ, ಪಿನ್ನು ಹಾಕಬೇಡಿ.

ಹೆಜ್ಜೆ 6: ಎತ್ತರವನ್ನು ಮನೆಯಲ್ಲೇ ಅಳೆಯಿರಿ

ಜೋರಿನ ಕೆಲವು ರೈಡ್‌ಗಳಿಗೆ 140 ಸೆಂ.ಮೀ. ಎತ್ತರ ಬೇಕು. ಪ್ರತಿ ರೈಡಿನ ಬಾಗಿಲಲ್ಲೂ ಅದರ ಮಿತಿ ಬರೆದಿರುತ್ತಾರೆ, ಮೊದಲ ಸಲ ಹೋದಾಗಲೇ ಫೋಟೋ ತೆಗೆದಿಟ್ಟುಕೊಂಡರೆ ಒಳ್ಳೆಯದು. ಮಗಳನ್ನು ಮೇನಲ್ಲಿ ನಿಲ್ಲಿಸಿದಾಗ ಅವಳು ಒಂದೂವರೆ ಸೆಂಟಿಮೀಟರ್ ಕಡಿಮೆ ಇದ್ದಳು.

ಅಳೆಯುವ ಸರಿಯಾದ ಕ್ರಮ ಹೀಗೆ. ಚಪ್ಪಲಿ ಬಿಟ್ಟು, ಜುಟ್ಟು ಬಿಚ್ಚಿ, ಹಿಮ್ಮಡಿ ಮತ್ತು ಬೆನ್ನು ಬಾಗಿಲ ಚೌಕಟ್ಟಿಗೆ ತಾಗುವಂತೆ ನಿಲ್ಲಿಸಿ. ಕಣ್ಣು ನೇರ ಮುಂದಕ್ಕೆ. ತಲೆಯ ಮೇಲೆ ಕೈಯಿಟ್ಟು ಗೆರೆ ಎಳೆದರೆ ತಪ್ಪುತ್ತದೆ, ಕೈ ವಾಲಿರುತ್ತದೆ. ಜಾಮಿಟ್ರಿ ಬಾಕ್ಸಿನ ತ್ರಿಕೋನದ ಒಂದು ಅಂಚನ್ನು ಚೌಕಟ್ಟಿಗೆ ಒತ್ತಿ, ಇನ್ನೊಂದು ಅಂಚು ನೆತ್ತಿಗೆ ಮುಟ್ಟುವಂತೆ ಇಳಿಸಿ, ಪೆನ್ಸಿಲಿನಿಂದ ಗುರುತು ಮಾಡಿ. ಸಂಜೆ ಅಳೆಯಿರಿ. ದಿನವಿಡೀ ನಿಂತು ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡಿರುವುದರಿಂದ, ಬೆಳಿಗ್ಗೆ ಎದ್ದ ಎತ್ತರಕ್ಕಿಂತ ಸಂಜೆಯ ಎತ್ತರ ಸ್ವಲ್ಪ ಕಡಿಮೆ. ಸಂಜೆಯ ಅಳತೆಯಲ್ಲಿ ಪಾಸಾದರೆ ಬಾಗಿಲಲ್ಲಿ ನಿರಾಸೆಯಾಗುವುದಿಲ್ಲ.

ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತಾರೆ, ದೊಡ್ಡವರಾಗುವ ಹೊತ್ತಿನಲ್ಲಿ ಇನ್ನೊಂದಿಷ್ಟು ಹೆಚ್ಚು. ಐದು ವಾರಕ್ಕೆ ಅರ್ಧ ಸೆಂಟಿಮೀಟರ್ ಅಂದುಕೊಳ್ಳಿ. ಆದ್ದರಿಂದ ಬೇಗ ಮತ್ತೆ ಹೋಗುವವರು "ಈ ಸಲ ಬಿಡ್ತಾರೆ ನೋಡು" ಅಂತ ಮಗುವಿಗೆ ಮಾತು ಕೊಡಬಾರದು. ನಮ್ಮ ಚೌಕಟ್ಟಿನ ಗುರುತು 139ಕ್ಕೆ ನಿಂತಿತು. ಮಗಳಿಗೆ ಹೊರಡುವ ಒಂದು ವಾರ ಮುಂಚೆಯೇ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಎತ್ತರಕ್ಕೆ ಬಿಡುವ ರೈಡ್‌ಗಳ ಪಟ್ಟಿ ತಾನೇ ಮಾಡಿಕೊಂಡಳು. ಅಳು ಮನೆಯಲ್ಲೇ ಮುಗಿದರೆ ಪಾರ್ಕಿನ ದಿನ ಉಳಿಯುತ್ತದೆ.

ಹೆಜ್ಜೆ 7: ದಾರಿ

ಕಾರಿನವರಿಗೆ ಒಂದೇ ಎಚ್ಚರಿಕೆ: 2023ರಲ್ಲಿ ಶುರುವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲೆಂದರಲ್ಲಿ ಇಳಿಯುವ ಹಾಗಿಲ್ಲ. ಬಿಡದಿಗೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ಮುಂದೆ ಹೋಗಿ ಸುತ್ತಿಕೊಂಡು ಬರಬೇಕು. ಮೊದಲ ಸಲ ನಾವು ಮಾತಿನಲ್ಲಿ ಮುಳುಗಿ ಇಳಿಯುವ ಜಾಗ ದಾಟಿಸಿ ಅರ್ಧ ಗಂಟೆ ಕಳೆದುಕೊಂಡೆವು. ಬೈಕು, ಆಟೋಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಕಾರಿಲ್ಲದವರು ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಬಂದು, ಅಲ್ಲಿಂದ ಮೈಸೂರು ರಸ್ತೆಯ ಬಸ್ಸು ಅಥವಾ ಆಟೋ ಹಿಡಿಯಬಹುದು. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಹೆಜ್ಜಾಲ, ಬಿಡದಿ ಎರಡೂ ನಿಲ್ದಾಣಗಳಿವೆ, ಎಲ್ಲ ರೈಲೂ ನಿಲ್ಲುವುದಿಲ್ಲ, ಸಮಯ ನೋಡಿಕೊಳ್ಳಿ. ಮೈಸೂರು ಕಡೆಯವರಿಗೆ ದೂರ ಅನ್ನಿಸಿದರೆ ಅಲ್ಲಿಯೇ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಈ ಬರಹದ ಕ್ರಮ ಅದಕ್ಕೂ ಒಗ್ಗುತ್ತದೆ.

ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗುವುದುಂಟೇ. ಆದರೆ ಒಂಬತ್ತೂವರೆಯೊಳಗೆ ತಿನ್ನಿ, ಒಬ್ಬರಿಗೆ ಒಂದೇ ತಟ್ಟೆ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ, ಮೇಲೆ ಒಂದು ವಡೆ ತಿಂದು ಹನ್ನೊಂದು ಗಂಟೆಗೆ ತಿರುಗುವ ರೈಡು ಹತ್ತಿದರೆ ಹೊಟ್ಟೆ ಒಪ್ಪುವುದಿಲ್ಲ. ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಈ ತಿಂಡಿಯೇ ಒಂದೂವರೆವರೆಗಿನ ಆಧಾರ.

ಹೆಜ್ಜೆ 8: ಒಳಗೆ ಹೋದ ಮೇಲೆ, ಪಾಳಿ

ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆ ಅಲ್ಲಿರಿ. ಮೊದಲ ಕೆಲಸ ಲಾಕರ್. ಮೊದಲ ಸಲ ನಾವು ಲಾಕರ್ ದುಡ್ಡು ಉಳಿಸಲು ಹೋಗಿ ಇಬ್ಬರು ಮನುಷ್ಯರನ್ನೇ ಲಾಕರ್ ಮಾಡಿದ್ದೆವು. ಈ ಸಲ ಬ್ಯಾಗೆಲ್ಲ ಒಳಗೆ ಹೋಯಿತು, ಕೈಯಲ್ಲಿ ಉಳಿದದ್ದು ನೀರು ಹೋಗದ ಒಂದು ಚಿಕ್ಕ ಚೀಲದಲ್ಲಿ ಫೋನು, ಬೀಗದ ಕೈ, ಅತ್ತೆಯ ಬಿಪಿ ಮಾತ್ರೆ.

ಆದರೂ ಮಕ್ಕಳ ಜೊತೆ, ಹಿರಿಯರ ಜೊತೆ ಯಾರಾದರೂ ಒಬ್ಬರು ಇರಲೇಬೇಕಾಗುತ್ತದೆ. ಅದಕ್ಕೆ ಪಾಳಿ ಹಾಕಿಕೊಳ್ಳಿ. ನಾವು ಗಂಟೆಗೆ ಒಬ್ಬರಂತೆ ಹಂಚಿಕೊಂಡೆವು: 11ರಿಂದ 12 ನಾನು ಮಗಳ ಜೊತೆ, ಯಜಮಾನರು ಮಗ ಮತ್ತು ಅತ್ತೆಯ ಜೊತೆ. 12ರಿಂದ 1 ಅದಲುಬದಲು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನೀರಿಗೆ. ಗಂಡಸರು ಇದನ್ನು ಓದುತ್ತಿದ್ದರೆ ಒಂದು ಮಾತು: ಪಾಳಿಯ ಮಾತನ್ನು ನೀವೇ ಮೊದಲು ಎತ್ತಿ. ಮನೆಯ ಹೆಂಗಸರು "ನಾನು ಕೂತಿರ್ತೀನಿ, ನೀವು ಹೋಗ್ಬನ್ನಿ" ಅನ್ನುವುದು ರೂಢಿಯಿಂದ. ಅದನ್ನು ಇಷ್ಟ ಅಂದುಕೊಂಡು ಹೋಗಿಬಿಡಬೇಡಿ, ಎರಡನೇ ಸಲ ಕೇಳಿ.

ಬೆಳಿಗ್ಗೆ ಬಾಗಿಲ ಹತ್ತಿರದ ರೈಡಿಗೇ ಎಲ್ಲರೂ ಮುಗಿಬೀಳುತ್ತಾರೆ. ನಿಮಗೆ ಈಗ ಜಾಗ ಗೊತ್ತಲ್ಲ, ನೇರ ದೂರದ ತುದಿಗೆ ಹೋಗಿ ಅಲ್ಲಿಂದ ವಾಪಸ್ ಬನ್ನಿ. ರಿಕಾಯಿಲ್, ಹರಿಕೇನ್‌ನಂಥ ಹೆಸರಾದ ಒಣ ರೈಡ್‌ಗಳು ಮೊದಲ ಒಂದು ಗಂಟೆಯಲ್ಲೇ ಮುಗಿಯಲಿ. ಯಾವುದಾದರೂ ರೈಡು ರಿಪೇರಿಗೆಂದು ಆ ದಿನ ನಿಂತಿರಬಹುದು, ಪಟ್ಟಿಯಲ್ಲಿ ಬದಲಿ ಇರಲಿ. ನೀರಿನ ರೈಡ್‌ಗಳ ಸಮಯ ಬೇರೆ ಇರುತ್ತದೆ, ಒಳಗೆ ಹೋದ ಕೂಡಲೇ ಕೇಳಿಕೊಳ್ಳಿ.

ಸಾಲಿನ ಮುಂದೆ ನಿಂತಾಗ ಒಂದು ಸುಲಭ ಲೆಕ್ಕ. ಒಂದು ಸಲಕ್ಕೆ ಎಷ್ಟು ಜನ ಹತ್ತುತ್ತಾರೆ ಎಣಿಸಿ, ಹತ್ತಿಸಿ ಇಳಿಸುವುದೂ ಸೇರಿ ಒಂದು ಸುತ್ತಿಗೆ ಎಷ್ಟು ನಿಮಿಷ ಗಡಿಯಾರ ನೋಡಿ. 24 ಜನ, 5 ನಿಮಿಷ, ನಿಮ್ಮ ಮುಂದೆ 120 ಜನ ಇದ್ದರೆ ಐದು ಸುತ್ತು, 25 ನಿಮಿಷ. ನಿಲ್ಲಬೇಕೇ ಬೇಡವೇ ಅನ್ನುವುದನ್ನು ಆಮೇಲೆ ತೀರ್ಮಾನಿಸಿ. ನಮ್ಮ ಮಗ ಈ ಎಣಿಕೆಯನ್ನು ತನ್ನ ಕೆಲಸ ಮಾಡಿಕೊಂಡ, ಸಾಲಿನಲ್ಲಿ ರಗಳೆ ಮಾಡುವುದೂ ನಿಂತಿತು.

ಇನ್ನೊಂದು, ಎರಡನೇ ಸಲ ಹೋಗುವವರಿಗೇ ಮೀಸಲಾದ ಸುಖ: ಅದೇ ರೈಡು, ಬೇರೆ ಸೀಟು. ರೋಲರ್ ಕೋಸ್ಟರಿನ ಮುಂದಿನ ಸಾಲಿನಲ್ಲಿ ಕಣ್ಣಿಗೆ ಹೆಚ್ಚು, ಹಿಂದಿನ ಸಾಲಿನಲ್ಲಿ ಹೊಟ್ಟೆಗೆ ಹೆಚ್ಚು. ಮುಂದಿನ ಗಾಡಿಗಳು ಇಳಿಯಲು ಶುರುಮಾಡಿ ಎಳೆಯುವುದರಿಂದ ಕೊನೆಯ ಗಾಡಿ ಏರುದಾರಿಯ ತುದಿಯನ್ನು ವೇಗವಾಗಿ ದಾಟುತ್ತದೆ. ದೋಣಿಯಂತೆ ತೂಗುವ ರೈಡಿನಲ್ಲಿ ಎರಡು ತುದಿಗಳು ಅತಿ ಎತ್ತರಕ್ಕೆ ಹೋಗುತ್ತವೆ, ನಡುವಿನ ಸೀಟು ಉಯ್ಯಾಲೆಯಷ್ಟೇ. ಹೆದರುವ ಮಗುವನ್ನು ಮೊದಲು ನಡುವೆ ಕೂರಿಸಿ.

ಹೃದಯದ ತೊಂದರೆ, ಹೆಚ್ಚಿನ ಬಿಪಿ, ಬೆನ್ನು ಕುತ್ತಿಗೆಯ ನೋವು, ಫಿಟ್ಸ್ ಇರುವವರು, ಗರ್ಭಿಣಿಯರು ಜೋರಿನ ರೈಡ್‌ಗಳನ್ನು ಹತ್ತಲೇಬಾರದು. ಇದರಲ್ಲಿ ಸ್ವಲ್ಪ ನೋಡೋಣ ಅನ್ನುವ ಮಾತಿಲ್ಲ. ಅತ್ತೆಯ ಡಾಕ್ಟರನ್ನು ಮೊದಲೇ ಕೇಳಿದ್ದೆವು. ಆಳವಿಲ್ಲದ ನೀರು ಆಗಬಹುದು, ತಿರುಗುವುದು ಬೀಳುವುದು ಬೇಡ ಅಂದಿದ್ದರು.

ಹೆಜ್ಜೆ 9: ನೀರು

ಊಟ ಒಂದು ಗಂಟೆಯ ನೂಕುನುಗ್ಗಲು ಕಳೆದ ಮೇಲೆ, ಹಗುರವಾಗಿ. ಮೊಸರನ್ನ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅರ್ಧ ಗಂಟೆ ಕೂತು ಆಮೇಲೆ ನೀರಿಗಿಳಿಯಿರಿ. ನೀರಿಗೆ ಹೋಗುವ ಮುಂಚೆ ಷವರಿನ ಕೆಳಗೆ ಪೂರ್ತಿ ನೆನೆಯಿರಿ, ಮೊದಲೇ ನೆಂದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಮೋಡವಿದ್ದರೂ ಸನ್‌ಸ್ಕ್ರೀನ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಯಜಮಾನರ ಮೇ ತಿಂಗಳ ತಲೆನೋವಿಗೆ ಬಿಸಿಲು ಮತ್ತು ನೀರು ಕುಡಿಯದ್ದೇ ಕಾರಣ ಅಂತ ಈಗ ಅನ್ನಿಸುತ್ತದೆ. ಮೈಯೆಲ್ಲ ನೀರಿನಲ್ಲಿದ್ದಾಗ ಬಾಯಾರಿಕೆ ಮರೆತುಹೋಗುತ್ತದೆ. ಗಂಟೆಗೊಂದು ಲೋಟ ಅಂತ ಲೆಕ್ಕ ಇಟ್ಟುಕೊಳ್ಳಿ.

ಅಳುಕಿದ ಮಗುವಿಗೆ ನಾವು ಕಂಡುಕೊಂಡ ದಾರಿ ಇದು. ಆ ದೊಡ್ಡ ಜಾರುಬಂಡಿಗೆ ನೇರ ಕರೆದೊಯ್ಯಲಿಲ್ಲ. ಅದು ಬಂದು ಮುಗಿಯುವ ಕೊಳದ ಪಕ್ಕ ಮಗನ ಜೊತೆ ನಿಂತು, ಹತ್ತು ಜನ ಕೆಳಗೆ ಬರುವುದನ್ನು ನೋಡಿದೆ. ಎಲ್ಲರೂ ನೀರಿನಿಂದ ಎದ್ದು ನಗುವುದನ್ನು ಅವನು ನೋಡಿದ. ಆಮೇಲೆ ಚಿಕ್ಕ ಮಕ್ಕಳ ಜಾರುಬಂಡಿಯಲ್ಲಿ ನಾಲ್ಕು ಸಲ. "ಹೋಗ್ತೀಯಾ" ಅಂತ ನಾನು ಒಮ್ಮೆಯೂ ಕೇಳಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಅವನೇ ಅಪ್ಪನ ಕೈ ಹಿಡಿದು ಎಳೆದ. ಮೇಲೆ ಹೋಗಿ ಮತ್ತೆ ಇಳಿದು ಬಂದಿದ್ದರೂ ನಾನು ಟವೆಲ್ ಹಿಡಿದು ಹಾಗೆಯೇ ನಿಂತಿರುತ್ತಿದ್ದೆ, ಅದನ್ನು ಅವನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದೆ. ಅವನು ಜಾರಿಯೇ ಬಂದ.

ವೇವ್ ಪೂಲ್ ಹಿರಿಯರಿಗೆ ನನ್ನ ಮೊದಲ ಆಯ್ಕೆ, ಆಮೇಲೆ ಟ್ಯೂಬಿನಲ್ಲಿ ತೇಲುವ ಲೇಜಿ ರಿವರ್. ವೇವ್ ಪೂಲಿನ ನೆಲ ಸಮುದ್ರದ ದಡದಂತೆ ಇಳಿಜಾರು, ಮೆಟ್ಟಿಲಿಲ್ಲ, ಹಾಗಾಗಿ ಮೊಣಕಾಲು ನೋವಿನವರೂ ನಿಧಾನವಾಗಿ ಇಳಿಯಬಹುದು. ಅಲೆ ನಿಂತಿದ್ದಾಗ ನೀರು ಮೊಣಕಾಲಿನಷ್ಟಿರುವ ಜಾಗದಲ್ಲಿ ನಿಲ್ಲಿ, ಅಲೆ ಬಂದಾಗ ಅದೇ ಸೊಂಟಕ್ಕೆ ಬರುತ್ತದೆ. ಅಲೆಗೆ ಎದೆಕೊಡಬೇಡಿ, ಓರೆಯಾಗಿ, ಕಾಲು ಅಗಲಿಸಿ ನಿಲ್ಲಿ. ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ಚಿಕ್ಕ ಮಕ್ಕಳು ಕೈಗೆ ಎಟುಕುವಷ್ಟು ಹತ್ತಿರವೇ ಇರಬೇಕು, ಕಾವಲಿನವರಿದ್ದಾರೆ ಅಂತ ಕಣ್ಣು ತೆಗೆಯಬೇಡಿ.

ಅತ್ತೆ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ನಾಲ್ಕು ಬೆರಳ ಗುರುತು ಮೂಡಿತ್ತು. ಮೊದಲ ಅಲೆಗೆ ಕಣ್ಣು ಮುಚ್ಚಿ "ರಂಗನಾಥಾ" ಅಂದರು. ಎರಡನೆಯದಕ್ಕೆ ಕಣ್ಣು ಬಿಟ್ಟಿದ್ದರು. ಆಮೇಲೆ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಅಲೆ ನಿಂತು ಎಲ್ಲರೂ ದಡಕ್ಕೆ ಹೊರಟಾಗ ಅತ್ತೆ ಅಲ್ಲಾಡಲಿಲ್ಲ. "ಇರು, ಇನ್ನೊಂದ್ಸಲ ಬಿಡ್ತಾರಂತೆ" ಅಂದರು. ಯಾರನ್ನು ಕೇಳಿ ತಿಳಿದುಕೊಂಡರೋ!

ತಂಪು ದಿನ ಮಕ್ಕಳ ತುಟಿ ನೀಲಿಯಾಗತೊಡಗಿದರೆ, ಹಲ್ಲು ಕಟಕಟ ಅಂದರೆ ಕೂಡಲೇ ನೀರಿನಿಂದ ತೆಗೆದು ಒರೆಸಿ, ಬಿಸಿ ಹಾಲೋ ಕಾಫಿಯೋ ಕುಡಿಸಿ. ಬೆಚ್ಚಗಿನ ನೀರು ಸುರಿಯುವ ರೇನ್ ಡಿಸ್ಕೊವನ್ನು ಇದಕ್ಕಾಗಿಯೇ ಕೊನೆಗೆ ಇಟ್ಟುಕೊಳ್ಳಿ. ಮಕ್ಕಳ ಮೈ ಬಿಸಿಯಾಗುತ್ತದೆ, ಕುಣಿತವೂ ಆಗುತ್ತದೆ.

ಹೆಜ್ಜೆ 10: ಹೊರಡುವುದು

ಮುಚ್ಚುವ ಮುಕ್ಕಾಲು ಗಂಟೆ ಮುಂಚೆ ನೀರಿನಿಂದ ಹೊರಬನ್ನಿ. ಕೊನೆಯ ಹತ್ತು ನಿಮಿಷ ಬಟ್ಟೆ ಬದಲಿಸುವ ಕೋಣೆಯಲ್ಲಿ ಜಾತ್ರೆಯಾಗುತ್ತದೆ, ಹಿರಿಯರಿಗೆ ಕಷ್ಟ. ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿಸಿ, ಮಕ್ಕಳ ಕಿವಿಯ ನೀರನ್ನು ತಲೆ ವಾಲಿಸಿ ಇಳಿಸಿ, ಒಳಗೆ ಬಡ್ಸ್ ತೂರಬೇಡಿ. ಒಣ ಬಟ್ಟೆಯಲ್ಲಿ, ನಿಧಾನವಾಗಿ ತಿರುಗುವ ಯಾವುದಾದರೂ ಒಂದು ರೈಡಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಮುಗಿಸಿ. ನಾವು ಸ್ಕೈ ವೀಲ್ ಹತ್ತಿದೆವು, ಮೇಲಿನಿಂದ ಮೈಸೂರು ರಸ್ತೆ ಕಡೆಯ ತೋಟಗಳೂ ಮೋಡವೂ ಕಂಡವು.

ನೈಲಾನ್, ಲೈಕ್ರಾ ಬಟ್ಟೆಯನ್ನು ಅದೇ ರಾತ್ರಿ ತಣ್ಣೀರಿನಲ್ಲಿ ಜಾಲಾಡಿ. ಕ್ಲೋರಿನ್ ಉಳಿದರೆ ಎಲಾಸ್ಟಿಕ್ ಬೇಗ ಸಡಿಲವಾಗುತ್ತದೆ. ಹಿಂಡಿ ತಿರುಚಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ಆ ರಾತ್ರಿ ನಾನು ಐದು ಜನರ ಬಟ್ಟೆಯನ್ನೂ ಜಾಲಾಡಿ ಹಿತ್ತಲ ತಂತಿಯ ಮೇಲೆ ಸಾಲಾಗಿ ಹಾಕಿದೆ. ಮಾರನೆಯ ಸಂಜೆ ಮಡಿಸಿ ಎಲ್ಲವನ್ನೂ ಒಂದೇ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕೋಣ ಅಂತ ಹೋದರೆ ತಂತಿಯ ಮೇಲೆ ನಾಲ್ಕು ಜನರದ್ದೇ ಇತ್ತು. ಅತ್ತೆ ತಮ್ಮದನ್ನು ಆಗಲೇ ತೆಗೆದು, ಇಸ್ತ್ರಿ ಮಾಡಿದ ಸೀರೆಗಳ ಪಕ್ಕ, ತಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದರು.